ಒಂದೇ ತಾನು ಮತ್ತೆ ಮತ್ತೆ: ರೆಕಾರ್ಡ್ ಪ್ಲೇಯರ್‌ನಲ್ಲಿ ಬೇಕಾದ ತುಣುಕನ್ನು ಮರಳಿ ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪ ಕೂಡಿಟ್ಟ ಎಲ್‌ಪಿಗಳಿವೆ, ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಒಂದಷ್ಟು 78ರ ಪ್ಲೇಟುಗಳೂ ಇವೆ. ಮಗಳು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಒಂದು ತಾನು (ವೇಗವಾಗಿ ಹರಿಯುವ ಸ್ವರಗಳ ಗುಚ್ಛ) ಇಷ್ಟವಾದರೆ ಅದನ್ನೇ ಹತ್ತಾರು ಸಲ ಕೇಳಬೇಕು ಅನ್ನುತ್ತಾಳೆ. ಕೈಯಿಂದ ಮುಳ್ಳು ಎತ್ತಿ ಇಟ್ಟರೆ ಒಮ್ಮೆ ತೀರಾ ಹಿಂದೆ ಬೀಳುತ್ತದೆ, ಒಮ್ಮೆ ತಾನನ್ನು ದಾಟಿ ಮುಂದೆ ಬೀಳುತ್ತದೆ. ಗೀರು ಬಿದ್ದೀತು ಅನ್ನುವ ಭಯ ಬೇರೆ. ಪ್ಲೇಯರ್‌ನಲ್ಲಿ ‘ರಿಪೀಟ್’ ಅಂತ ಒಂದು ಗುಂಡಿ ಇದೆ, ಆದರೆ ಅದು ಇಡೀ ಸೈಡನ್ನೇ ಮೊದಲಿಂದ ಶುರು ಮಾಡುತ್ತದೆ. ಬೇಕಾದ ಭಾಗವನ್ನು ಮಾತ್ರ ಮತ್ತೆ ನುಡಿಸುವ ವ್ಯವಸ್ಥೆ ಎಂದಾದರೂ ಇತ್ತೇ? ಈಗ ನಾವು ಏನು ಮಾಡಬಹುದು?

ಉತ್ತರ: ಇತ್ತು, ಅದೂ ಹಲವು ಬಗೆಯಲ್ಲಿ. ಇಡೀ ಸೈಡನ್ನು ಮತ್ತೆ ನುಡಿಸುವುದು ಬೇಗನೆ ಸಾಧ್ಯವಾಯಿತು. ಒಂದು ಹಾಡನ್ನು ಆರಿಸಿ ನುಡಿಸುವುದು 1970ರ ದಶಕದಲ್ಲಿ ಕಷ್ಟಪಟ್ಟು ಸಾಧ್ಯವಾಯಿತು. ಆದರೆ ಹಾಡಿನ ಒಳಗಿನ ಹತ್ತು ಸೆಕೆಂಡಿನ ತುಣುಕನ್ನು ತಾನಾಗಿ ಹಿಡಿದು ಕೊಡುವ ವ್ಯವಸ್ಥೆ ಮನೆಬಳಕೆಯ ಪ್ಲೇಯರ್‌ಗಳಲ್ಲಿ ಬೇರೂರಲಿಲ್ಲ. ಮಾಡಿದವರಿಗೆ ಬುದ್ಧಿ ಸಾಲಲಿಲ್ಲ ಅಂತಲ್ಲ. ರೆಕಾರ್ಡಿನ ಗೆರೆಯಲ್ಲೇ ಒಂದು ತೊಡಕಿದೆ. ಅದನ್ನು ತಿಳಿದುಕೊಂಡರೆ ನಿಮ್ಮ ಮುಳ್ಳು ಯಾಕೆ ಹಿಂದೆ ಮುಂದೆ ಬೀಳುತ್ತದೆ, ಅದನ್ನು ಎಷ್ಟರ ಮಟ್ಟಿಗೆ ಸರಿಪಡಿಸಬಹುದು ಎರಡೂ ಗೊತ್ತಾಗುತ್ತದೆ.

ರೆಕಾರ್ಡಿನ ಮೇಲೆ ನೂರಾರು ಗೆರೆಗಳಿರುವಂತೆ ಕಾಣುತ್ತದೆ. ನಿಜಕ್ಕೂ ಇರುವುದು ಒಂದೇ ಗೆರೆ. ಹೊರಗಿನ ಅಂಚಿನಿಂದ ಶುರುವಾಗಿ ಸುತ್ತುತ್ತಾ ಒಳಕ್ಕೆ ಹೋಗುತ್ತದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. 22 ನಿಮಿಷದ ಸೈಡಿನಲ್ಲಿ 730ಕ್ಕೂ ಜಾಸ್ತಿ ಸುತ್ತುಗಳಿರುತ್ತವೆ. ಅಷ್ಟೂ ಸುತ್ತುಗಳು ಸುಮಾರು 85 ಮಿಲಿಮೀಟರ್ ಅಗಲದಲ್ಲಿ ಕೂತಿರುತ್ತವೆ. ಹಾಗಾಗಿ ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟೇ ದೂರ. ಈ ಲೆಕ್ಕದಲ್ಲಿ ನಿಮ್ಮ ಕೈ ಒಂದೇ ಒಂದು ಮಿಲಿಮೀಟರ್ ಆಚೀಚೆ ಆದರೂ ಸಂಗೀತ ಸುಮಾರು 15 ಸೆಕೆಂಡು ಆಚೀಚೆ ಆಗುತ್ತದೆ. ಒಂದು ತಾನು ಅಷ್ಟು ಹೊತ್ತೂ ಇರುವುದಿಲ್ಲ, ಅಲ್ವಾ?

78ರ ಪ್ಲೇಟಿನ ಕಥೆ ಬೇರೆ. 10 ಇಂಚಿನ ಪ್ಲೇಟಿನಲ್ಲಿ ಸುಮಾರು 70 ಮಿಲಿಮೀಟರ್ ಅಗಲಕ್ಕೆ ಮೂರು, ಮೂರೂಕಾಲು ನಿಮಿಷದ ಸಂಗೀತ. ಅಲ್ಲಿ ಒಂದು ಮಿಲಿಮೀಟರ್ ಅಂದರೆ ಮೂರು ಸೆಕೆಂಡಿಗಿಂತ ಕಡಿಮೆ. ಕೈಯಿಂದ ಮುಳ್ಳಿಡುವವರಿಗೆ ಎಲ್‌ಪಿಗಿಂತ ಐದು ಪಟ್ಟು ಸಲೀಸು. ಹಳೆಯ ಕಾಲದ ಗಾಯಕರು ಪ್ಲೇಟು ಕೇಳಿ ಕೇಳಿ ಕಲಿತರು ಅನ್ನುವ ಮಾತಿನ ಹಿಂದೆ ಈ ಲೆಕ್ಕವೂ ಇದೆ. ಗದಗದಲ್ಲಿ ಬೆಳೆದ ಭೀಮಸೇನ ಜೋಷಿ ಅವರು ಹುಡುಗನಾಗಿದ್ದಾಗ ಅಂಗಡಿಯಲ್ಲಿ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಮರುಳಾದರು ಅನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೂರು ನಿಮಿಷದ ಪ್ಲೇಟಿನಲ್ಲಿ ಇಡೀ ಹಾಡನ್ನೇ ಮತ್ತೆ ಹಾಕಿದರೂ ಬೇಕಾದ ಜಾಗ ಬೇಗ ಬರುತ್ತದೆ. 22 ನಿಮಿಷದ ಎಲ್‌ಪಿಯಲ್ಲಿ ಅದು ಆಗದ ಮಾತು.

ಇನ್ನೂ ಒಂದು ವಿಷಯವಿದೆ, ಮುಖ್ಯವಾದದ್ದೇ ಅದು. ಮುಳ್ಳನ್ನು ಹಿಡಿದ ತೋಳು ಸರಿಯಾದ ಸುತ್ತಿಗೆ ಬಂದರೆ ಸಾಲದು. ಆ ಸುತ್ತಿನಲ್ಲಿ ಎಲ್ಲಿ ಇಳಿಯಬೇಕು ಅನ್ನುವುದೂ ಸರಿಯಾಗಬೇಕು. ಅಂದರೆ ತೋಳು ಎಷ್ಟು ಒಳಗಿದೆ, ತಟ್ಟೆ ಯಾವ ಕಡೆಗೆ ತಿರುಗಿದೆ, ಈ ಎರಡೂ ಕೂಡಿದಾಗಲೇ ಒಂದು ಸ್ವರದ ಜಾಗ ನಿಖರವಾಗಿ ಸಿಗುತ್ತದೆ. ಆದರೆ ಈ ಎರಡರಲ್ಲಿ ಒಂದನ್ನೂ ಗೆರೆ ತಾನಾಗಿ ಹೇಳುವುದಿಲ್ಲ. ಅದು ಪುಟಸಂಖ್ಯೆ ಇಲ್ಲದ ಪುಸ್ತಕ. ಮುಂದೆ ನಾನು ಹೇಳುವ ಯಂತ್ರಗಳಲ್ಲಿ ಕೆಲವು ತೋಳನ್ನು ಹಿಡಿದವು, ಕೆಲವು ತಟ್ಟೆಯನ್ನು ಹಿಡಿದವು. ಎರಡನ್ನೂ ಒಟ್ಟಿಗೆ ಹಿಡಿದವು ತೀರಾ ಕಡಿಮೆ.

ಸೋಜಿಗದ ಸಂಗತಿ ಅಂದರೆ ಇದನ್ನು ಚೆನ್ನಾಗಿ ಮಾಡುತ್ತಿದ್ದುದು ಎಲ್ಲಕ್ಕಿಂತ ಹಳೆಯ ಯಂತ್ರ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದಾಗ ಧ್ವನಿ ಕೂತದ್ದು ಉರುಳೆಯ ಮೇಲೆ. ಮುಂದೆ ಬಂದ ಮೇಣದ ಉರುಳೆಗಳು ನಿಮಿಷಕ್ಕೆ 160 ಸುತ್ತು ತಿರುಗುತ್ತಿದ್ದವು. ಒಂದು ಇಂಚಿಗೆ 100 ಗೆರೆ. ಎಡಿಸನ್ ಯಂತ್ರದಲ್ಲಿ ಮುಳ್ಳನ್ನು ಮುಂದಕ್ಕೆ ಒಯ್ಯುವುದು ಗೆರೆ ಅಲ್ಲ, ಅದೇ ಅಳತೆಯ ಎಳೆಗಳಿರುವ ಉದ್ದನೆಯ ಒಂದು ಸ್ಕ್ರೂ. ಸ್ಕ್ರೂ ತಿರುಗಿದಂತೆ ಮುಳ್ಳಿನ ಗಾಡಿ ಒಂದೇ ಸಮನೆ ಪಕ್ಕಕ್ಕೆ ಸರಿಯುತ್ತದೆ. ಗಾಡಿಯನ್ನು ಸ್ವಲ್ಪ ಎತ್ತಿ ಹಿಂದಕ್ಕೆ ಸರಿಸಿ ಮತ್ತೆ ಸ್ಕ್ರೂ ಮೇಲೆ ಕೂರಿಸಿದರೆ ಆಯಿತು. ಒಂದು ಮಿಲಿಮೀಟರ್ ಅಂದರೆ ಒಂದೂವರೆ ಸೆಕೆಂಡು. ಒಂದು ಸುತ್ತಿಗೆ ಅರ್ಧ ಸೆಕೆಂಡೂ ಇಲ್ಲ. ಹಾಗಾಗಿ ಉರುಳೆ ಯಾವ ಕಡೆಗೆ ತಿರುಗಿದೆ ಅನ್ನುವ ಚಿಂತೆಯೇ ಬೇಡ.

ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಊರಿನಲ್ಲಿ ಇಂಟರ್‌ನ್ಯಾಷನಲ್ ಕರೆಸ್ಪಾಂಡೆನ್ಸ್ ಸ್ಕೂಲ್ಸ್ ಅನ್ನುವ ಅಂಚೆ ಶಿಕ್ಷಣ ಸಂಸ್ಥೆ ಇತ್ತು. 20ನೇ ಶತಮಾನದ ಶುರುವಿನಲ್ಲಿ ಅದು ಎಡಿಸನ್ ಉರುಳೆಗಳ ಮೂಲಕ ಫ್ರೆಂಚ್, ಜರ್ಮನ್ ಭಾಷೆಗಳನ್ನು ಕಲಿಸುತ್ತಿತ್ತು. ಅದರ ವಿದ್ಯಾರ್ಥಿಗಳಿಗಾಗಿ ಮಾಡಿದ ಯಂತ್ರದಲ್ಲಿ ಹಿಂದಕ್ಕೆ ಸರಿಸುವ ಸನ್ನೆಯೊಂದು (ಲಿವರ್) ಇರುತ್ತಿತ್ತು. ಒತ್ತಿದರೆ ಮುಳ್ಳು ಮೇಲೆದ್ದು ಕೆಲವು ಗೆರೆ ಹಿಂದೆ ಹೋಗಿ ಕೂರುತ್ತಿತ್ತು. ಅರ್ಥವಾಗದ ವಾಕ್ಯವನ್ನು ಮತ್ತೆ ಕೇಳಬಹುದಿತ್ತು. ನಿಮ್ಮ ಮಗಳಿಗೆ ಬೇಕಾಗಿರುವುದು ಸರಿಯಾಗಿ ಇದೇ.

ಕಚೇರಿಗಳಲ್ಲಿ ಇದೇ ಉಪಾಯ ಇನ್ನೂ ಮುಂದೆ ಹೋಯಿತು. ಡಿಕ್ಟಾಫೋನ್, ಎಡಿಫೋನ್ ಅನ್ನುವ ಯಂತ್ರಗಳಲ್ಲಿ ಸಾಹೇಬರು ಪತ್ರವನ್ನು ಬಾಯಲ್ಲಿ ಹೇಳಿ ಉರುಳೆಗೆ ತುಂಬುತ್ತಿದ್ದರು. ಟೈಪಿಸ್ಟ್ ಅದನ್ನು ಕಿವಿಗೆ ಹಾಕಿಕೊಂಡು ಬೆರಳಚ್ಚು ಮಾಡಬೇಕು. ಎರಡೂ ಕೈ ಟೈಪ್‌ರೈಟರ್ ಮೇಲೆ ಇರುವುದರಿಂದ ನಿಲ್ಲಿಸಲು, ಓಡಿಸಲು ಕಾಲಿನ ಪೆಡಲು. ಕೆಲವು ಪದಗಳಷ್ಟು ಹಿಂದೆ ಹೋಗುವ ಅನುಕೂಲವೂ ಸೇರಿಕೊಂಡಿತು. ಜೊತೆಗೆ ಅಳತೆಯ ಗುರುತು ಹಾಕಿದ ಉದ್ದನೆಯ ಕಾಗದದ ಚೀಟಿ. ಯಾವ ಪತ್ರ ಎಲ್ಲಿ ಮುಗಿಯಿತು, ಎಲ್ಲಿ ತಿದ್ದುಪಡಿ ಇದೆ ಅಂತ ಮಾತಾಡಿದವರು ಅದರ ಮೇಲೆ ಗುರುತು ಮಾಡಿ ಕಳಿಸುತ್ತಿದ್ದರು. ಟೈಪಿಸ್ಟ್ ಚೀಟಿಯನ್ನು ಯಂತ್ರಕ್ಕೆ ಸಿಕ್ಕಿಸಿ ಜಾಗ ನೋಡಿಕೊಳ್ಳುತ್ತಿದ್ದರು. ಪುಟಸಂಖ್ಯೆ ಗೆರೆಯಲ್ಲಿ ಇಲ್ಲದಿದ್ದರೆ ಹೊರಗಿನಿಂದ ಹಚ್ಚಬಹುದು ಅನ್ನುವುದು ಈ ಚೀಟಿಯ ಉಪಾಯ. ಇದನ್ನು ನೆನಪಿಡಿ, ಕೊನೆಯಲ್ಲಿ ನಿಮ್ಮ ಪ್ಲೇಯರ್‌ಗೂ ಇದನ್ನೇ ಹೇಳುತ್ತೇನೆ. 1947ರಲ್ಲಿ ಬಂದ ಡಿಕ್ಟಾಬೆಲ್ಟ್ ಅನ್ನುವ ಪ್ಲಾಸ್ಟಿಕ್ ಪಟ್ಟಿಯ ಯಂತ್ರದಲ್ಲೂ ಈ ಚೀಟಿ ಉಳಿದುಕೊಂಡಿತ್ತು.

ಸಂಗೀತಕ್ಕೂ ಇದು ದೊಡ್ಡ ಉಪಕಾರ ಮಾಡಿದೆ. ಹಂಗೇರಿಯ ಸಂಗೀತ ಸಂಯೋಜಕ ಬೇಲಾ ಬಾರ್ಟೋಕ್ 1906ರಿಂದ ಹಳ್ಳಿ ಹಳ್ಳಿಗೆ ಫೋನೋಗ್ರಾಫ್ ಹೊತ್ತುಕೊಂಡು ಹೋಗಿ ಜನಪದ ಹಾಡುಗಳನ್ನು ಉರುಳೆಗೆ ತುಂಬಿಸಿಕೊಂಡರು. ಆಮೇಲೆ ಕೂತು ಒಂದೊಂದು ಅಲಂಕಾರವನ್ನೂ ಮತ್ತೆ ಮತ್ತೆ ಕೇಳಿ ಸ್ವರಲಿಪಿಗೆ ಇಳಿಸಿದರು. ಒಮ್ಮೆ ಬರೆದದ್ದನ್ನು ವರ್ಷಗಳ ನಂತರ ಮತ್ತೆ ಕೇಳಿ ತಿದ್ದಿದರು. ಮರಳಿ ಕೇಳುವ ಸೌಕರ್ಯ ಇಲ್ಲದಿದ್ದರೆ ಅಷ್ಟು ಸೂಕ್ಷ್ಮವಾದ ಬರವಣಿಗೆ ಆಗುತ್ತಲೇ ಇರಲಿಲ್ಲ.

ಹಾಗಾದರೆ ತಟ್ಟೆಯ ರೆಕಾರ್ಡಿನಲ್ಲಿ ಇದು ಯಾಕೆ ಕಳೆದುಹೋಯಿತು? ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಗ್ರಾಮಫೋನಿನಲ್ಲಿ ಸ್ಕ್ರೂ ಇರಲಿಲ್ಲ. ಗೆರೆಯೇ ಮುಳ್ಳನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಯಂತ್ರ ಅಗ್ಗವಾಯಿತು, ಪ್ಲೇಟುಗಳನ್ನು ಅಚ್ಚೊತ್ತಿ ಸಾವಿರಗಟ್ಟಲೆ ತೆಗೆಯುವುದು ಸುಲಭವಾಯಿತು. ಆದರೆ ತೋಳು ಎಲ್ಲಿದೆ ಅನ್ನುವುದು ಯಂತ್ರದ ಬೇರಾವ ಭಾಗಕ್ಕೂ ಗೊತ್ತಿರುವುದಿಲ್ಲ. ಮುಳ್ಳು ಎತ್ತಿದ ಕ್ಷಣವೇ ಜಾಗ ಮರೆತುಹೋಗುತ್ತದೆ.

ಈಗ ನಿಮ್ಮ ರಿಪೀಟ್ ಗುಂಡಿಗೆ ಬರೋಣ. ಅದು ಇಡೀ ಸೈಡನ್ನೇ ಯಾಕೆ ನುಡಿಸುತ್ತದೆ? ಹಾಡು ಮುಗಿದ ಮೇಲೆ ಒಳಗಡೆ ಅಗಲವಾಗಿ ಬಿಡಿಸಿದ ಗೆರೆಯೊಂದು ಇರುತ್ತದೆ, ನೋಡಿರಬಹುದು. ಅಲ್ಲಿಗೆ ಬಂದ ಮುಳ್ಳು ಒಂದು ಸುತ್ತಿಗೆ ಹಲವು ಮಿಲಿಮೀಟರ್ ಒಳಕ್ಕೆ ಜಾರುತ್ತದೆ. ನುಡಿಯುವಾಗ ಸುತ್ತಿಗೆ 0.1 ಮಿಲಿಮೀಟರ್ ಸರಿಯುವ ತೋಳು ಇಲ್ಲಿ ಏಕಾಏಕಿ ಓಡುತ್ತದೆ. ತೋಳಿಗೆ ಸೇರಿದ ಹಗುರವಾದ ಒಂದು ಕೊಕ್ಕೆ ತಟ್ಟೆಯ ಅಡಿಯಲ್ಲಿರುತ್ತದೆ. ನಿಧಾನವಾಗಿ ಸರಿಯುವಾಗ ತಟ್ಟೆಯ ನಡುವಿನ ಹಲ್ಲು ಪ್ರತಿ ಸುತ್ತಿಗೂ ಅದನ್ನು ಮೆಲ್ಲಗೆ ಹಿಂದೆ ತಳ್ಳುತ್ತಿರುತ್ತದೆ. ಓಡಿ ಬಂದಾಗ ಮಾತ್ರ ತಳ್ಳಲಾಗದೆ ಹಲ್ಲು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ದೊಡ್ಡ ಗೇರು ತಿರುಗಲು ಶುರು. ಆ ಗೇರಿನ ಮೇಲಿನ ಏರಿಳಿತಗಳು ತೋಳನ್ನು ಎತ್ತುತ್ತವೆ, ಹೊರಗೆ ಒಯ್ಯುತ್ತವೆ, ಬೇಕಿದ್ದರೆ ಮತ್ತೆ ತಂದು ಅಂಚಿನಲ್ಲಿ ಇಳಿಸುತ್ತವೆ. ತೋಳು ಎಲ್ಲಿ ಇಳಿಯಬೇಕು ಅನ್ನುವುದು 7, 10, 12 ಇಂಚು ಅನ್ನುವ ಮೂರೇ ಜಾಗಕ್ಕೆ ಕಟ್ಟಿಹಾಕಿರುತ್ತದೆ. ಒಂದಾದ ಮೇಲೊಂದು ರೆಕಾರ್ಡನ್ನು ತಾನಾಗಿ ಹಾಕುವ ಪ್ಲೇಯರ್‌ಗೆ ಚೇಂಜರ್ ಅನ್ನುತ್ತಾರೆ. ಬ್ರಿಟನ್ನಿನ ಬಿಎಸ್‌ಆರ್ ಕಂಪನಿಯ ಚೇಂಜರ್‌ಗಳು ಲೋಕವೆಲ್ಲ ಹರಡಿದ್ದವು. ಅವುಗಳಲ್ಲಿ ರೆಕಾರ್ಡುಗಳನ್ನು ಮೇಲಿಂದ ಒತ್ತಿ ಹಿಡಿಯುವ ಕೈಯನ್ನು ಪಕ್ಕಕ್ಕೆ ಸರಿಸಿಬಿಟ್ಟರೆ ಕೊನೆಯ ರೆಕಾರ್ಡು ತಾನಾಗಿ ಮತ್ತೆ ಮತ್ತೆ ನುಡಿಯುತ್ತಿತ್ತು.

ಈ ಯಂತ್ರದ ನಿಖರತೆ ಎಷ್ಟು ಗೊತ್ತಾ? ಒಂದು ಮಿಲಿಮೀಟರ್ ಆಚೀಚೆ ಆದರೂ ಪರವಾಗಿಲ್ಲ. ಅಂಚಿನಲ್ಲಿ ಹಾಡು ಶುರುವಾಗುವ ಮೊದಲು ಕೆಲವು ಮಿಲಿಮೀಟರ್ ಖಾಲಿ ಜಾಗ ಇರುತ್ತದೆ, ಎಲ್ಲಿ ಬಿದ್ದರೂ ಮುಳ್ಳು ಒಳಗೆ ಬರುತ್ತದೆ. ಅದೇ ಯಂತ್ರವನ್ನು ಹಾಡಿನ ನಡುವೆ ಇಳಿಸಲು ಬಳಸಿದರೆ ಆ ಒಂದು ಮಿಲಿಮೀಟರ್ 15 ಸೆಕೆಂಡಾಗುತ್ತದೆ. ರಿಪೀಟ್ ಗುಂಡಿಯನ್ನು ತಿದ್ದಿ ತಾನಿಗೆ ಹೊಂದಿಸೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಒಳ್ಳೆಯ ಚೇಂಜರ್ ಹಾಳಾಗುತ್ತದೆ, ತಾನು ಸಿಗುವುದಿಲ್ಲ.

ಹಾಡನ್ನು ಆರಿಸುವ ಯಂತ್ರಗಳು ಬಂದದ್ದು ಬೆಳಕಿನ ಸಹಾಯದಿಂದ. ಎರಡು ಹಾಡುಗಳ ನಡುವಿನ ಪಟ್ಟಿಯಲ್ಲಿ ಗೆರೆಗಳು ವಿರಳ. ಹಾಗಾಗಿ ಅದು ನುಣುಪಾಗಿ ಹೊಳೆಯುತ್ತದೆ. ಎಡಿಸಿ ಕಂಪನಿ 1970ರ ದಶಕದ ನಡುವಿನಲ್ಲಿ ತಂದ ಅಕ್ಯುಟ್ರ್ಯಾಕ್ 4000 ಅನ್ನುವ ಪ್ಲೇಯರ್‌ನಲ್ಲಿ ಮುಳ್ಳು ಕೂತಿರುವ ಪುಟ್ಟ ಡಬ್ಬಿಯಿಂದಲೇ (ಕಾರ್ಟ್ರಿಜ್) ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣ ರೆಕಾರ್ಡಿನ ಮೇಲೆ ಬೀಳುತ್ತಿತ್ತು. ಹೊಳೆಯುವ ಪಟ್ಟಿ ಬಂದಾಗ ಕಿರಣ ವಾಪಸ್ ಬರುತ್ತದೆ. ಯಂತ್ರ ಪಟ್ಟಿಗಳನ್ನು ಎಣಿಸುತ್ತಾ ಹೋಗಿ ನೀವು ಕೇಳಿದ ಹಾಡಿನ ಮುಂದೆ ಮುಳ್ಳು ಇಳಿಸುತ್ತದೆ. ಮೂರನೆಯದು, ಒಂದನೆಯದು, ಮತ್ತೆ ಮೂರನೆಯದು ಅಂತ ಕೊಟ್ಟ ಕ್ರಮದಲ್ಲೇ ನುಡಿಸುತ್ತಿತ್ತು, ರಿಮೋಟ್ ಕೂಡ ಇತ್ತು. ಡೆನ್ಮಾರ್ಕಿನ ಬ್ಯಾಂಗ್ ಆಂಡ್ ಓಲುಫ್ಸೆನ್ 1972ರಲ್ಲಿ ತಂದ ಬಿಯೋಗ್ರಾಮ್ 4000ರಲ್ಲಿ ತೋಳು ಒಂದು ಮೂಲೆಯಲ್ಲಿ ತಿರುಗುವುದಿಲ್ಲ, ನೇರವಾಗಿ ಪಕ್ಕಕ್ಕೆ ಸರಿಯುತ್ತದೆ. ಅದನ್ನು ಸರಿಸುವುದು ಮೋಟಾರಿಗೆ ಸೇರಿದ ಸ್ಕ್ರೂ. ಎಡಿಸನ್ ಉರುಳೆಯ ಸ್ಕ್ರೂ ಇಷ್ಟು ವರ್ಷಗಳ ಮೇಲೆ ತಟ್ಟೆಯ ಮೇಲೆ ಬಂದು ಕೂತಿತು. 1980ರ ದಶಕದಲ್ಲಿ ಟೆಕ್ನಿಕ್ಸ್ ಮತ್ತು ಇತರ ಜಪಾನಿ ಕಂಪನಿಗಳು ನೇರ ಸರಿಯುವ ತೋಳು, ಬೆಳಕಿನ ಕಣ್ಣು, ಹಾಡು ಆರಿಸುವ ಗುಂಡಿಗಳು ಎಲ್ಲವನ್ನೂ ಸೇರಿಸಿ ಚಿಕ್ಕ ಪ್ಲೇಯರ್‌ಗಳನ್ನು ಮಾಡಿದವು.

ಈ ಪ್ಲೇಯರ್‌ಗಳು ಈಗಲೂ ಹಳೆಯ ಸಾಮಾನಿನ ಪೇಟೆಯಲ್ಲಿ ಸಿಗುತ್ತವೆ. ಆದರೆ ನಿಮಗೆ ನಾನು ಶಿಫಾರಸು ಮಾಡುವುದಿಲ್ಲ. ಕಾರಣ ಸರಳ. ನಿಮ್ಮ ಮಗಳು ಕೇಳುವುದು ಹಿಂದೂಸ್ತಾನಿಯ ಖಯಾಲ್ ಗಾಯನ. ಎಲ್‌ಪಿಯ ಒಂದು ಸೈಡು ಪೂರ್ತಿ ಹೆಚ್ಚಾಗಿ ಒಂದೇ ರಾಗ ಇರುತ್ತದೆ. ನಿಧಾನದ ವಿಲಂಬಿತದಿಂದ ವೇಗದ ದ್ರುತ್‌ಗೆ ಹೋಗುವಾಗಲೂ ಎಷ್ಟೋ ರೆಕಾರ್ಡುಗಳಲ್ಲಿ ನಡುವೆ ಹೊಳೆಯುವ ಪಟ್ಟಿ ಬಿಟ್ಟಿರುವುದಿಲ್ಲ. ಎಣಿಸಲು ಪಟ್ಟಿಯೇ ಇಲ್ಲದ ಕಡೆ ಬೆಳಕಿನ ಕಣ್ಣು ಏನು ಮಾಡೀತು? ಸಿನಿಮಾ ಹಾಡುಗಳ ಎಲ್‌ಪಿಗೆ ಚೆನ್ನಾಗಿ ಕೆಲಸ ಮಾಡುವ ಯಂತ್ರ ರಾಗದ ಎಲ್‌ಪಿಗೆ ನಿರುಪಯೋಗಿ.

ಇನ್ನು ತಟ್ಟೆಯ ದಿಕ್ಕನ್ನು ಹಿಡಿದವರ ಕಥೆ. ಇದು ಯಂತ್ರಕ್ಕಿಂತ ಹೆಚ್ಚಾಗಿ ಕೈಚಳಕದ ಕಥೆ. ರೇಡಿಯೋ ಕೇಂದ್ರಗಳಲ್ಲಿ ಹಾಡಿನ ಮೊದಲ ಸ್ವರ ಸರಿಯಾದ ಕ್ಷಣಕ್ಕೆ ಬರಲೇಬೇಕು. ಅದಕ್ಕೆ ಸ್ವರ ಕೇಳುವ ಜಾಗಕ್ಕೆ ಮುಳ್ಳು ತಂದು, ರೆಕಾರ್ಡನ್ನು ಬೆರಳಿನಿಂದ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಹಿಡಿದಿರುತ್ತಿದ್ದರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ 1970ರ ದಶಕದಲ್ಲಿ ಇನ್ನೊಂದು ದಾರಿ ಹಿಡಿದರು. ಹಾಡಿನಲ್ಲಿ ಬರೀ ತಾಳವಾದ್ಯ ನುಡಿಯುವ ಕೆಲವೇ ಸೆಕೆಂಡುಗಳ ಭಾಗಕ್ಕೆ ಜನ ಜಾಸ್ತಿ ಕುಣಿಯುತ್ತಿದ್ದರು. ಅದೇ ರೆಕಾರ್ಡಿನ ಎರಡು ಪ್ರತಿ, ಎರಡು ಪ್ಲೇಯರ್. ಒಂದರಲ್ಲಿ ಆ ಭಾಗ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ಭಾಗ ಶುರು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನುವ ಇನ್ನೊಬ್ಬ ಡಿಜೆ ಇದನ್ನು ಗಣಿತದಷ್ಟು ನಿಖರ ಮಾಡಿದರು. ರೆಕಾರ್ಡಿನ ಮೇಲೆ ಬಣ್ಣದ ಕಡ್ಡಿಯಿಂದ ಗೆರೆ ಎಳೆದು, ಗಡಿಯಾರದ ಮುಳ್ಳನ್ನು ನೋಡುವ ಹಾಗೆ ಅದನ್ನು ನೋಡುತ್ತಾ ಇಷ್ಟು ಸುತ್ತು ಹಿಂದೆ ಅಂತ ಎಣಿಸಿ ತಿರುಗಿಸುತ್ತಿದ್ದರು. ಮುಳ್ಳನ್ನು ಎತ್ತುವುದೇ ಇಲ್ಲ. ಹಾಗಾಗಿ ತೋಳಿನ ಜಾಗವೂ ತಪ್ಪುವುದಿಲ್ಲ, ತಟ್ಟೆಯ ದಿಕ್ಕೂ ತಪ್ಪುವುದಿಲ್ಲ. ತಟ್ಟೆಯ ರೆಕಾರ್ಡಿನಲ್ಲಿ ಎರಡನ್ನೂ ಹಿಡಿದ ಉಪಾಯಗಳಲ್ಲಿ ಇದು ಒಂದು. ನನಗೆ ಇವರ ಬಗ್ಗೆ ತುಂಬಾ ಗೌರವ. ಇಂಜಿನಿಯರ್‌ಗಳು ಮಾಡಲಾಗದ್ದನ್ನು ಬೆರಳು, ಕಿವಿ, ಒಂದು ಗುರುತು ಇಷ್ಟರಿಂದ ಮಾಡಿ ತೋರಿಸಿದರು.

ಆದರೆ ಅದನ್ನು ಮನೆಯ ಪ್ಲೇಯರ್‌ನಲ್ಲಿ ಮಾಡಬೇಡಿ. ಮುಳ್ಳನ್ನು ಹಿಡಿದಿರುವ ಸಣ್ಣ ಕಡ್ಡಿ ಹಿಂದಿನಿಂದ ಎಳೆಸಿಕೊಂಡು ಹೋಗಲು ಮಾಡಿದ್ದು. ಹಿಂದಕ್ಕೆ ತಿರುಗಿಸಿದರೆ ಗೆರೆ ಅದನ್ನು ಎದುರಿನಿಂದ ತಳ್ಳುತ್ತದೆ. ಡಿಜೆಗಳು ಬಳಸುವುದು ಉರುಟು ತುದಿಯ, ಗಟ್ಟಿ ಕಡ್ಡಿಯ ಕಾರ್ಟ್ರಿಜ್. ರೆಕಾರ್ಡಿನ ಕೆಳಗೆ ಅದು ಜಾರಲೆಂದೇ ಹಾಕಿದ ನಯವಾದ ಬಟ್ಟೆ. ತಟ್ಟೆಯನ್ನು ಮೋಟಾರೇ ನೇರವಾಗಿ ತಿರುಗಿಸುವ ಟೆಕ್ನಿಕ್ಸ್ ಎಸ್‌ಎಲ್-1200ರಂಥ ಯಂತ್ರ. ನಿಮ್ಮದು ಬೆಲ್ಟ್ ಅಥವಾ ರಬ್ಬರ್ ಚಕ್ರದ ಪ್ಲೇಯರ್ ಆಗಿರುವ ಸಾಧ್ಯತೆಯೇ ಜಾಸ್ತಿ. ಹಿಂದಕ್ಕೆ ತಿರುಗಿಸಿದರೆ ಬೆಲ್ಟ್ ಕಳಚುತ್ತದೆ, ರಬ್ಬರ್ ಚಕ್ರ ಒಂದು ಕಡೆ ಸವೆಯುತ್ತದೆ. ಚೇಂಜರ್ ಆಗಿದ್ದರೆ ಒಳಗಿನ ಗೇರು ಸಿಕ್ಕಿಹಾಕಿಕೊಳ್ಳಬಹುದು.

ತನಗೆ ತಾನೇ ಸುತ್ತುವ ಗೆರೆಯ ಬಗ್ಗೆಯೂ ಒಂದು ಮಾತು. ಗೆರೆಯ ಕೊನೆಯನ್ನು ಅದರ ಶುರುವಿಗೇ ಕೂಡಿಸಿದರೆ ಮುಳ್ಳು ಅದೇ ಸುತ್ತಿನಲ್ಲಿ ಸದಾ ತಿರುಗುತ್ತದೆ. ಪ್ಯಾರಿಸ್ ರೇಡಿಯೋದಲ್ಲಿದ್ದ ಪಿಯರ್ ಶೆಫರ್ 1948ರ ಹೊತ್ತಿಗೆ ರೈಲಿನ ಸದ್ದು, ಗಂಟೆಯ ಸದ್ದುಗಳನ್ನು ಹೀಗೆ ಮುಚ್ಚಿದ ಗೆರೆಗಳಲ್ಲಿ ಕೆತ್ತಿ ಹೊಸ ಬಗೆಯ ಸಂಗೀತವನ್ನೇ ಕಟ್ಟಿದರು. ನಿಖರತೆಯಲ್ಲಿ ಇದನ್ನು ಮೀರಿಸುವುದಿಲ್ಲ. ಆದರೆ 78ರಲ್ಲಿ 0.77 ಸೆಕೆಂಡು, ಎಲ್‌ಪಿಯಲ್ಲಿ 1.8 ಸೆಕೆಂಡು, ಅದಕ್ಕಿಂತ ಉದ್ದ ಸಾಧ್ಯವಿಲ್ಲ. ರೆಕಾರ್ಡು ಕೆತ್ತುವಾಗಲೇ ಮಾಡಿರಬೇಕು, ಕೊಂಡವರು ಆರಿಸಲಾಗದು.

ಗೆರೆಗೆ ಕೊನೆಗೂ ಪುಟಸಂಖ್ಯೆ ಸಿಕ್ಕಿತು, ಆದರೆ ವಿಚಿತ್ರವಾದ ರೀತಿಯಲ್ಲಿ. 2000ದ ನಂತರ ಬಂದ ಫೈನಲ್ ಸ್ಕ್ರ್ಯಾಚ್, ಸೆರಾಟೊ ಮುಂತಾದ ಡಿಜೆ ವ್ಯವಸ್ಥೆಗಳಲ್ಲಿ ರೆಕಾರ್ಡಿನ ಗೆರೆಯಲ್ಲಿ ಸಂಗೀತ ಇರುವುದಿಲ್ಲ, ಬರೀ ಸಮಯದ ಸಂಕೇತ ಇರುತ್ತದೆ. ಮುಳ್ಳು ಎಲ್ಲಿ ಬಿದ್ದರೂ ಕಂಪ್ಯೂಟರಿಗೆ ಜಾಗ ಗೊತ್ತಾಗುತ್ತದೆ, ಅದು ತನ್ನೊಳಗಿನ ಹಾಡನ್ನು ಅಲ್ಲಿಂದ ನುಡಿಸುತ್ತದೆ. ಅದಕ್ಕೂ ಮೊದಲೇ, 1982ರಲ್ಲಿ ಬಂದ ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 75 ಗುರುತುಗಳು ಸಂಗೀತದ ಜೊತೆಗೇ ಬರೆದಿರುತ್ತವೆ. ಇಲ್ಲಿಂದ ಇಲ್ಲಿಯವರೆಗೆ ಮತ್ತೆ ನುಡಿಸು ಅನ್ನುವ ಗುಂಡಿ ಸಿಡಿ ಪ್ಲೇಯರ್‌ನಲ್ಲಿ ಅಷ್ಟು ಅಗ್ಗವಾಗಿ ಬಂದದ್ದು ಈ ಗುರುತುಗಳಿಂದ. ಮುಳ್ಳಿಲ್ಲದೆ ಲೇಸರ್‌ನಿಂದ ಗೆರೆ ಓದುವ ಪ್ಲೇಯರ್‌ಗಳನ್ನು ಜಪಾನಿನ ಇಎಲ್‌ಪಿ ಕಂಪನಿ ಮಾಡಿದೆ. ರೆಕಾರ್ಡು ಸವೆಯುವುದೇ ಇಲ್ಲ. ಬೆಲೆ ಮಾತ್ರ ಲಕ್ಷಗಳಲ್ಲಿ.

ಈಗ ನಿಮ್ಮ ಮನೆಯ ವಿಷಯ. ಮೊದಲು ತೋಳಿನ ಪಕ್ಕದಲ್ಲಿ ಅದನ್ನು ಮೆಲ್ಲಗೆ ಎತ್ತಿ ಇಳಿಸುವ ಸನ್ನೆ ಇದೆಯಾ ನೋಡಿ. ಇದ್ದರೆ ಬೆರಳಿನಿಂದ ಎತ್ತುವುದನ್ನು ಇವತ್ತೇ ಬಿಟ್ಟುಬಿಡಿ. ಗೀರು ಬೀಳುವುದು ಮುಳ್ಳು ಇಳಿಯುವುದರಿಂದಲ್ಲ, ಬೆರಳು ನಡುಗಿ ಮುಳ್ಳು ಅಡ್ಡಡ್ಡ ಎಳೆದಾಗ. ಸನ್ನೆಯ ಒಳಗೆ ಗಟ್ಟಿಯಾದ ಸಿಲಿಕೋನ್ ಎಣ್ಣೆ ಇರುತ್ತದೆ, ಅದರಿಂದ ತೋಳು ನಿಧಾನವಾಗಿ ಇಳಿಯುತ್ತದೆ. ತೋಳು ಧೊಪ್ಪೆಂದು ಬಿದ್ದರೆ ಎಣ್ಣೆ ಒಣಗಿದೆ ಅಂತ ಅರ್ಥ. ರಿಪೇರಿಯವರಿಗೆ ಹೇಳಿದರೆ ಹಾಕಿಕೊಡುತ್ತಾರೆ.

ನಿಮ್ಮ ತೋಳಿಗೆ ಆ್ಯಂಟಿ-ಸ್ಕೇಟಿಂಗ್ ಇದ್ದರೆ ಒಂದು ಅನುಕೂಲ ಸುಮ್ನೆ ಸಿಗುತ್ತದೆ. ತಿರುಗುವ ರೆಕಾರ್ಡು ಮುಳ್ಳನ್ನು ಒಳಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ಈ ಭಾಗ ತೋಳನ್ನು ಸ್ವಲ್ಪ ಹೊರಕ್ಕೆ ಎಳೆಯುತ್ತಿರುತ್ತದೆ. ಮುಳ್ಳು ಮೇಲೆದ್ದಾಗ ಒಳಗಿನ ಎಳೆತ ಇಲ್ಲ, ಹೊರಗಿನದು ಮಾತ್ರ ಉಳಿಯುತ್ತದೆ. ತೋಳು ಕೂದಲೆಳೆಯಷ್ಟು ಹೊರಗೆ ತೇಲುತ್ತದೆ. ಸಂಗೀತ ಕೇಳುವವರು ಇದನ್ನು ದೋಷ ಅನ್ನುತ್ತಾರೆ. ನಿಮಗೆ ಬೇಕಾದದ್ದು ಇದೇ. ತಾನು ಮುಗಿದ ಕೂಡಲೇ ಸನ್ನೆ ಎತ್ತಿ, ಒಂದೆರಡು ಕ್ಷಣ ಬಿಟ್ಟು ಇಳಿಸಿ. ಮುಳ್ಳು ಐದೋ ಹತ್ತೋ ಸೆಕೆಂಡು ಹಿಂದೆ ಬಂದು ಕೂರುತ್ತದೆ. ಎಷ್ಟು ಹೊತ್ತು ಬಿಟ್ಟರೆ ಎಷ್ಟು ಹಿಂದೆ ಬರುತ್ತದೆ ಅನ್ನುವುದು ತೋಳಿನಿಂದ ತೋಳಿಗೆ ಬೇರೆ. ಬೆಲೆ ಇಲ್ಲದ ಯಾವುದಾದರೂ ಹಳೆಯ ರೆಕಾರ್ಡಿನ ಮೇಲೆ ಮೊದಲು ಅಭ್ಯಾಸ ಮಾಡಿ.

ದೂರದಿಂದ ಆ ಜಾಗಕ್ಕೆ ಬರಬೇಕಾದರೆ ಟೈಪಿಸ್ಟ್‌ರ ಚೀಟಿ. ತೋಳಿನ ಬುಡಕ್ಕೂ ತಟ್ಟೆಗೂ ನಡುವೆ, ತೋಳು ಮೇಲೆ ಹಾದುಹೋಗುವ ಕಡೆ ಪ್ಲೇಯರ್ ಮೈಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿ. ತಾನು ನುಡಿಯುವಾಗ ನೇರವಾಗಿ ಮೇಲಿನಿಂದ ಒಂದೇ ಕಣ್ಣಿನಲ್ಲಿ ನೋಡಿ ತೋಳಿನ ಅಂಚಿಗೆ ಸರಿಯಾಗಿ ಚೂಪಾದ ಪೆನ್ಸಿಲಿನಿಂದ ಗುರುತು ಹಾಕಿ. ಅಲ್ಲಿ ತೋಳು ಸರಿಯುವ ದೂರ ಮುಳ್ಳು ಸರಿಯುವ ದೂರದ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಪೆನ್ಸಿಲ್ ಗೆರೆಯ ದಪ್ಪವೇ ಎಲ್‌ಪಿಯಲ್ಲಿ 20 ಸೆಕೆಂಡಿನಷ್ಟಾಗುತ್ತದೆ. 22 ನಿಮಿಷ ಹುಡುಕುವುದಕ್ಕಿಂತ ಅದು ಎಷ್ಟೋ ವಾಸಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಇನ್ನೂ ಸಹಾಯ. ಮೆಲುದನಿಯ ಆಲಾಪದ ಜಾಗ ಕಪ್ಪಗೆ ನಯವಾಗಿ ಕಾಣುತ್ತದೆ, ತಬಲಾ ಜೋರಾಗಿ ತಾನುಗಳು ಬರುವ ಜಾಗ ಬೆಳ್ಳಗೆ ಒರಟಾಗಿ ಕಾಣುತ್ತದೆ. ತಟ್ಟೆಯ ದಿಕ್ಕಿಗೆ ಫ್ಲ್ಯಾಶ್ ಮಾಡಿದಂತೆ ರೆಕಾರ್ಡಿನ ಮೇಲೆ ಬರೆಯಬೇಡಿ. ಲೇಬಲ್ಲಿನ ಯಾವ ಅಕ್ಷರ ಎದುರು ಬಂದಾಗ ತಾನು ಶುರುವಾಯಿತು ಅಂತ ಗಮನಿಸಿದರೆ ಸಾಕು.

ನಿಧಾನವಾಗಿ ಕೇಳಬೇಕು ಅಂತ ಮಗಳು ಕೇಳಬಹುದು. ಎಷ್ಟೋ ಹಳೆಯ ಪ್ಲೇಯರ್‌ಗಳಲ್ಲಿ 78, 45, 33 ಜೊತೆಗೆ 16 ಅಂತ ನಾಲ್ಕನೆಯ ವೇಗ ಇರುತ್ತದೆ. ಅದು 33⅓ರ ಸರಿಯಾಗಿ ಅರ್ಧ. ಎಲ್‌ಪಿಯನ್ನು ಅದರಲ್ಲಿ ಹಾಕಿದರೆ ತಾನು ಅರ್ಧ ವೇಗದಲ್ಲಿ ಕೇಳುತ್ತದೆ, ಶ್ರುತಿ ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ. ಷಡ್ಜ ಷಡ್ಜವಾಗಿಯೇ ಉಳಿಯುವುದರಿಂದ ಅದೇ ತಂಬೂರಿಯ ಜೊತೆ ಅಭ್ಯಾಸ ಮಾಡಬಹುದು. 78ರ ಪ್ಲೇಟನ್ನು 45ರಲ್ಲಿ ಹಾಕಿದರೆ ಮಾತ್ರ ಶ್ರುತಿ ಎಲ್ಲೋ ಅಡ್ಡ ಜಾಗಕ್ಕೆ ಬೀಳುತ್ತದೆ, ಕಲಿಯುವವರ ಕಿವಿ ಕೆಡುತ್ತದೆ. ಅದು ಬೇಡ.

ಇಷ್ಟಾದರೂ ಹತ್ತಾರು ಸಲ ಕೇಳಬೇಕಾದ ತಾನಿಗೆ ನನ್ನ ಸಲಹೆ ಒಂದೇ. ರೆಕಾರ್ಡನ್ನು ಒಂದು ಸಲ ಚೆನ್ನಾಗಿ ನುಡಿಸಿ ಕಂಪ್ಯೂಟರಿಗೆ ತುಂಬಿಸಿಕೊಳ್ಳಿ, ಅಭ್ಯಾಸವನ್ನು ಅಲ್ಲಿ ಮಾಡಿ. ಹಳೆಯ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್ ಐದಾರು ಗ್ರಾಂ ಭಾರದಿಂದ ಒತ್ತುತ್ತದೆ. ಅದೇ ಹತ್ತು ಸೆಕೆಂಡಿನ ಗೆರೆಯನ್ನು ದಿನಾ ಅದರ ಕೆಳಗೆ ಹಾಕಿದರೆ ಆ ತಾನೇ ಮೊದಲು ಹೋಗುತ್ತದೆ. ನಿಮ್ಮ ಅಪ್ಪನ ಸಂಗ್ರಹದಲ್ಲಿ ಸಿಡಿಯಾಗಿ ಎಂದೂ ಬರದ ರೆಕಾರ್ಡುಗಳು ಇರಬಹುದು, ಅವು ಹೋದರೆ ಹೋದಂತೆಯೇ. ಮುಳ್ಳು ಸಫೈರ್‌ನದಾಗಿದ್ದರೆ ಹತ್ತಾರು ಗಂಟೆಗಳಲ್ಲೇ ಸವೆಯುತ್ತದೆ, ವಜ್ರದ್ದು ನೂರಾರು ಗಂಟೆ ಬರುತ್ತದೆ. ತುಂಬಿಸುವ ಮೊದಲು ಹೊಸ ವಜ್ರದ ಮುಳ್ಳು ಹಾಕಿಸಿ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇದ್ದರೆ ನಡುವೆ ಅದರ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೋ ಪ್ರೀಆ್ಯಂಪ್ ಬೇಕು. ಉಚಿತವಾಗಿ ಸಿಗುವ ಆಡಾಸಿಟಿ ಸಾಫ್ಟ್‌ವೇರ್ ಸಾಕು. ಒಂದು ಸೈಡನ್ನು ಪೂರ್ತಿ ತುಂಬಿಸಿ, ಎಲ್ಲೆಲ್ಲಿ ಯಾವ ತಾನು ಇದೆ ಅಂತ ಅದರಲ್ಲೇ ಲೇಬಲ್ ಹಾಕಿಡಿ. ಆಯ್ದ ಭಾಗವನ್ನು ಎಷ್ಟು ಸಲ ಬೇಕಾದರೂ ಸುತ್ತಿಸಬಹುದು. ಶ್ರುತಿ ಬದಲಾಗದಂತೆ ವೇಗ ಮಾತ್ರ ತಗ್ಗಿಸುವುದೂ ಸಾಧ್ಯ.

78ರ ಪ್ಲೇಟುಗಳಿಗೆ ಎರಡು ಎಚ್ಚರಿಕೆ. ಅವುಗಳ ಗೆರೆ ಅಗಲ. ಎಲ್‌ಪಿಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), 78ರದ್ದು 65ರಿಂದ 75 ಮೈಕ್ರಾನ್. ಎಲ್‌ಪಿ ಮುಳ್ಳು ಅಲ್ಲಿ ಗೆರೆಯ ತಳಕ್ಕೆ ಇಳಿದು ಕೊಳೆಯ ಸದ್ದನ್ನೇ ಕೇಳಿಸುತ್ತದೆ. ತಿರುಗಿಸಿ ಹಾಕುವ ಎರಡು ತುದಿಯ ಮುಳ್ಳಿದ್ದರೆ 78ರ ಕಡೆಗೆ ತಿರುಗಿಸಿಕೊಳ್ಳಿ. ಅಜ್ಜನ ಕೀಲಿ ಕೊಡುವ ಗ್ರಾಮಫೋನ್ ಇದ್ದರೂ ಅದರಲ್ಲಿ ಒಂದೇ ಜಾಗವನ್ನು ಮತ್ತೆ ಮತ್ತೆ ನುಡಿಸಬೇಡಿ, ಉಕ್ಕಿನ ಮುಳ್ಳು ಒಂದು ಸೈಡಿಗೆ ಒಂದರಂತೆ ಬದಲಿಸಲು ಮಾಡಿದ್ದು. ಇನ್ನು, ತುಂಬಿಸುವ ಮೊದಲು ಪ್ಲೇಟು ಒರೆಸುವಾಗ ಸ್ಪಿರಿಟ್ ಮುಟ್ಟಿಸಬೇಡಿ. ಈ ಪ್ಲೇಟುಗಳು ಅರಗಿನಿಂದ ಮಾಡಿದವು, ಸ್ಪಿರಿಟ್‌ನಲ್ಲಿ ಅರಗು ಕರಗುತ್ತದೆ. ಶುದ್ಧ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬಟ್ಟೆ, ಗೆರೆಯ ಉದ್ದಕ್ಕೇ ಒರೆಸಿ, ಲೇಬಲ್ ನೆನೆಯದಂತೆ ನೋಡಿಕೊಂಡು ನೆರಳಲ್ಲಿ ಪೂರ್ತಿ ಒಣಗಿಸಿ. ಆಮೇಲೆ ನುಡಿಸಿ.